ಗಣಿತದಿಂದ ಸಂಖ್ಯಾಶಾಸ್ತ್ರಕ್ಕೆ

ಗಣಿತದಲ್ಲಿ ಉನ್ನತ ಪದವಿ ಪಡೆದವನಿಗೆ ಸಂಖ್ಯಾಶಾಸ್ತ್ರದ ಪದವಿಯೂ ಏಕೆ ಬೇಕು? ಸಿ. ಆರ್. ರಾವ್ ಅವರ ಜೀವನದಲ್ಲಿ ನಾವು ಇದಕ್ಕೆ ಉತ್ತರವನ್ನು ಕಾಣುತ್ತೇವೆ. 1920ರಲ್ಲಿ ಹೂವಿನಹಡಗಲಿಯಲ್ಲಿ ಜನಿಸಿದ ಇವರು, ಆಂಧ್ರ ವಿಶ್ವವಿದ್ಯಾನಿಲಯದಲ್ಲಿ ಗಣಿತದ ಎಂ.ಎ. ಮುಗಿಸಿ, 1943ರಲ್ಲಿ ಕಲ್ಕತ್ತೆಯಲ್ಲಿ ಸಂಖ್ಯಾಶಾಸ್ತ್ರದ ಎಂ.ಎ. ಪಡೆದರು. ಆ ತರಗತಿ ಅಲ್ಲಿ ಆರಂಭವಾದದ್ದು 1941ರಲ್ಲಷ್ಟೆ.

ಚೀಲದಲ್ಲಿರುವ ಕರಿ, ಬಿಳಿ ಗೋಲಿಗಳ ಪ್ರಮಾಣ ತಿಳಿದಿದ್ದರೆ, ಒಂದು ಹಿಡಿಯಲ್ಲಿ ಏನು ಬರಬಹುದೆಂಬುದನ್ನು ಗಣಿತವು ಹೇಳುತ್ತದೆ. ಹಿಡಿಯನ್ನು ನೋಡಿ ಚೀಲವನ್ನು ಅಂದಾಜು ಮಾಡುವುದು ಸಂಖ್ಯಾಶಾಸ್ತ್ರದ ಕೆಲಸ. ಪಕ್ಷಪಾತವಿಲ್ಲದ ಅಂತಹ ಅಂದಾಜು ಎಷ್ಟು ನಿಖರವಾಗಬಲ್ಲದು? ಅದಕ್ಕೊಂದು ಮಿತಿಯುಂಟೆಂದು ರಾವ್ 1945ರಲ್ಲಿ ಪ್ರಕಟಿಸಿದರು. ಅದೇ ಇಂದಿನ ಕ್ರಾಮೆರ್-ರಾವ್ ಮಿತಿ. ಪ್ರಶ್ನೆ ಸಂಖ್ಯಾಶಾಸ್ತ್ರದ್ದು, ಸಾಧನೆ ಗಣಿತದ್ದು. ಆದುದರಿಂದ ಈ ದಾರಿಯನ್ನು ಹಿಡಿಯುವ ವಿದ್ಯಾರ್ಥಿ ಗಣಿತವನ್ನು ತೊರೆಯುವುದಿಲ್ಲ. ಅದನ್ನೇ ಬುತ್ತಿ ಕಟ್ಟಿಕೊಂಡು ಹೊರಡುತ್ತಾನೆ.