ಜೀಪನ್ನು ಮನೆಯಂಗಳದಲ್ಲಿ ಎತ್ತಿ ನಿಲ್ಲಿಸುವ ಸುರಕ್ಷಿತ ಕ್ರಮ

ಕೊಡಗು, ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳ ಕಾಫಿ ಸೀಮೆಯಲ್ಲಿ ಜೀಪು ಕೇವಲ ವಾಹನವಲ್ಲ. ನೇಗಿಲು, ಸಿಂಪರಣಾ ಯಂತ್ರಗಳಂತೆ ಅದೂ ಒಂದು ಕೃಷಿ ಉಪಕರಣ. 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಮಹೀಂದ್ರ ಸಂಸ್ಥೆಯು ವಿಲ್ಲೀಸ್ ಜೀಪುಗಳ ಜೋಡಣೆಯನ್ನು ಆರಂಭಿಸಿತು. ಆ ಮಾದರಿಯಿಂದ ಬಂದ ಹಳೆಯ ಜೀಪುಗಳು ಮಲೆನಾಡಿನ ತೋಟಗಳಲ್ಲಿ ಇಂದಿಗೂ ಗೊಬ್ಬರ, ಸಸಿ, ಕಾಫಿ ಮೂಟೆಗಳನ್ನು ಹೊರುತ್ತಿವೆ.

ಮುಂಗಾರಿಗೆ ಮೊದಲು ಬ್ರೇಕ್ ನೋಡುವುದು, ಚಕ್ರದ ಬೇರಿಂಗಿಗೆ ಗ್ರೀಸ್ ತುಂಬುವುದು, ಸವೆದ ಟಯರ್ ಬದಲಿಸುವುದು ಮುಂತಾದ ಕೆಲಸಗಳನ್ನು ಅನೇಕ ರೈತರು ಮನೆಯಲ್ಲಿಯೇ ಮಾಡಿಕೊಳ್ಳುತ್ತಾರೆ. ಇದು ಮೆಚ್ಚತಕ್ಕ ಸಂಗತಿ. ಆದರೆ ಜಾಕ್ ಒಂದನ್ನೇ ನಂಬಿ ಗಾಡಿಯ ಕೆಳಗೆ ನುಸುಳುವುದು ಪ್ರಾಣಕ್ಕೆ ಎರವಾಗುವ ಅಭ್ಯಾಸ. ಹಳೆಯ ಜೀಪಿನ ತೂಕ ಮಾದರಿಗೆ ತಕ್ಕಂತೆ ಒಂದರಿಂದ ಒಂದೂವರೆ ಟನ್ ಇರುತ್ತದೆ. ಹೊಸ ಗಾಡಿಗಳದು ಇನ್ನೂ ಹೆಚ್ಚು. ಅದು ಜಾರಿದಾಗ ಕೆಳಗಿದ್ದವನಿಗೆ ಹೊರಳಿ ಬರಲು ಸಮಯ ದೊರೆಯುವುದಿಲ್ಲ.

ಎತ್ತಲು ಜಾಕ್, ಹೊರಲು ಸ್ಟ್ಯಾಂಡ್

ಜಾಕ್ ಇರುವುದು ಎತ್ತುವುದಕ್ಕೆ ಮಾತ್ರ. ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಬಾಟಲ್ ಜಾಕಿನಲ್ಲಿ ಇಡೀ ಭಾರವನ್ನು ತಡೆದಿರುವುದು ಒಂದು ಸಣ್ಣ ಸೀಲ್. ಅದು ಸವೆದಿದ್ದರೆ ಎತ್ತಿದ ಗಾಡಿ ಮೆಲ್ಲನೆ ಇಳಿಯುತ್ತದೆ. ಕಿತ್ತುಹೋದರೆ ಒಮ್ಮೆಲೇ ಕುಸಿಯುತ್ತದೆ. ಸ್ಕ್ರೂ ಜಾಕ್ ಹಾಗೆ ಇಳಿಯದಿದ್ದರೂ ಅದರ ತಳ ಕಿರಿದಾದುದರಿಂದ ವಾಲುವ ಸಂಭವವುಂಟು. ಆದುದರಿಂದ ಎತ್ತಿದ ಕೂಡಲೇ ಭಾರವನ್ನು ಅಗಲ ಕಾಲಿನ ಉಕ್ಕಿನ ಸ್ಟ್ಯಾಂಡುಗಳಿಗೆ ವರ್ಗಾಯಿಸಬೇಕು. ಬಾಳೆಗೊನೆ ತೂಗಿದಾಗ ಕೈಯಿಂದ ಎತ್ತಿ ಹಿಡಿದು, ಬಳಿಕ ಕವೆಗೋಲು ಕೊಡುವುದಿಲ್ಲವೇ? ಇಲ್ಲಿಯ ತತ್ತ್ವವೂ ಅದೇ.

ಸ್ಟ್ಯಾಂಡುಗಳನ್ನು ಜೋಡಿಯಾಗಿ ಕೊಳ್ಳಬೇಕು. ಮೇಲೆ ನಮೂದಿಸಿರುವ ಟನ್ನುಗಳ ಸಾಮರ್ಥ್ಯವು ಒಂದಕ್ಕೋ ಜೋಡಿಗೋ ಎಂಬುದನ್ನು ಕೇಳಿ ತಿಳಿಯಬೇಕು. ಬೆಸುಗೆ ಬಿರಿದಿದ್ದರೆ, ಹಲ್ಲು ಸವೆದಿದ್ದರೆ ಅಥವಾ ಪಿನ್ನು ಬಾಗಿದ್ದರೆ ಅಂತಹದನ್ನು ಬಳಸಬಾರದು. ಪಿನ್ನಿಗೆ ಬದಲಾಗಿ ಮೊಳೆ, ಕಂಬಿಗಳನ್ನು ತೂರಿಸುವುದು ಸರ್ವಥಾ ಕೂಡದು.

ಜಂಬಿಟ್ಟಿಗೆ ಕಲ್ಲು, ಇಟ್ಟಿಗೆ, ಪೊಳ್ಳು ಸಿಮೆಂಟ್ ಬ್ಲಾಕುಗಳು ಸ್ಟ್ಯಾಂಡಿಗೆ ಬದಲಿಯಲ್ಲ. ಗೋಡೆಯಲ್ಲಿ ಭಾರವು ಅವುಗಳ ಮೇಲೆ ಸಮನಾಗಿ ಹರಡಿರುತ್ತದೆ. ಇಲ್ಲಿ ಆಕ್ಸೆಲಿನ ಭಾರ ಒಂದೇ ಗೆರೆಯಲ್ಲಿ ಕೂರುವುದರಿಂದ ಮುನ್ಸೂಚನೆ ಇಲ್ಲದೆ ಸೀಳುತ್ತವೆ. ದುಂಡನೆಯ ಮರದ ಕೊರಡು ಉರುಳುತ್ತದೆ. ಸ್ಟ್ಯಾಂಡ್ ದೊರೆಯದಿದ್ದಲ್ಲಿ ಚೌಕವಾಗಿ ಕೊಯ್ದ ಗಟ್ಟಿ ಮರದ ತುಂಡುಗಳನ್ನು ಒಂದರ ಮೇಲೊಂದು ಅಡ್ಡಡ್ಡಲಾಗಿ ಪೇರಿಸಬಹುದು. ಅಟ್ಟಿಯ ಎತ್ತರವು ತಳದ ಅಗಲವನ್ನು ಮೀರಬಾರದು.

ನೆಲದ ಆಯ್ಕೆ

ಭಾರ ಹೊರುವ ಶಕ್ತಿ ಮಣ್ಣಿನಿಂದ ಮಣ್ಣಿಗೆ ಬೇರೆ. ಮಳೆಯಲ್ಲಿ ನೆನೆದ ಜೇಡಿಯೂ ಎರೆಮಣ್ಣೂ ಈ ಕೆಲಸಕ್ಕೆ ತಕ್ಕವಲ್ಲ. ಒಂದು ಸಣ್ಣ ಲೆಕ್ಕ ನೋಡೋಣ. ಜೀಪಿನ ಒಂದು ಮೂಲೆ ಎತ್ತಿದಾಗ ಜಾಕಿನ ಮೇಲೆ ಸುಮಾರು 400 ಕಿಲೋ ಭಾರ ಬಿತ್ತೆನ್ನಿ. ಜಾಕಿನ ತಳ 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲವಿದ್ದರೆ ಪ್ರತಿ ಚದರ ಸೆಂ.ಮೀ. ನೆಲದ ಮೇಲೆ 4 ಕಿಲೋ ಒತ್ತಡ ಬೀಳುತ್ತದೆ. ಅದರ ಕೆಳಗೆ 30 ಸೆಂ.ಮೀ. ಚೌಕದ ದಪ್ಪ ಹಲಗೆ ಇಟ್ಟರೆ ಒತ್ತಡವು ಅರ್ಧ ಕಿಲೋಗಿಂತಲೂ ಕಡಿಮೆಯಾಗುತ್ತದೆ. ಆದಕಾರಣ ಮಣ್ಣುನೆಲದಲ್ಲಿ ಜಾಕಿನ ಕೆಳಗೂ ಸ್ಟ್ಯಾಂಡುಗಳ ಕೆಳಗೂ ಕನಿಷ್ಠ ಎರಡು ಅಂಗುಲ ದಪ್ಪದ ಹಲಗೆ ಅವಶ್ಯಕ. ಒಂಟಿಕಾಲಲ್ಲಿ ನಿಂತಾಗ ಹೆಜ್ಜೆ ಹೂಳುವಂತಹ ನೆಲದಲ್ಲಿ ಹಲಗೆ ಹಾಕಿದರೂ ಕೆಲಸ ಬೇಡ.

ಕಾಫಿ ಒಣಗಿಸುವ ಸಿಮೆಂಟ್ ಕಣ ಅತ್ಯುತ್ತಮ ಸ್ಥಳ. ಆದರೆ ನೀರು ಹರಿದುಹೋಗಲೆಂದು ಅದಕ್ಕೂ ತುಸು ಇಳಿಜಾರು ಕೊಟ್ಟಿರುತ್ತಾರೆ ಎಂಬುದು ನೆನಪಿರಲಿ. ಎಣ್ಣೆ, ಗ್ರೀಸ್ ಚೆಲ್ಲಿದರೆ ಅಲ್ಲಿ ಹರವಿದ ಕಾಫಿ ಆ ವಾಸನೆಯನ್ನು ಸುಲಭವಾಗಿ ಹೀರಿಕೊಳ್ಳುತ್ತದೆ. ಆದ್ದರಿಂದ ಕಣದ ಒಂದು ಮೂಲೆಯನ್ನು ಇದಕ್ಕೆಂದೇ ಮೀಸಲಿಟ್ಟು, ಕೆಳಗೆ ಹಳೆಯ ಗೋಣಿ ಹಾಸುವುದು ಒಳ್ಳೆಯದು.

ಹ್ಯಾಂಡ್‌ಬ್ರೇಕ್ ಏಕೆ ಸಾಲದು?

‘ಹ್ಯಾಂಡ್‌ಬ್ರೇಕ್ ಎಳೆದಿದ್ದೆ, ಗೇರಿನಲ್ಲೂ ಬಿಟ್ಟಿದ್ದೆ, ಆದರೂ ಗಾಡಿ ಹೇಗೆ ಸರಿಯಿತು?’ ಎಂಬ ಪ್ರಶ್ನೆ ಸಹಜ. ಉತ್ತರ ಡಿಫರೆನ್ಷಿಯಲಿನಲ್ಲಿದೆ. ಹಳೆಯ ವಿಲ್ಲೀಸ್ ಮಾದರಿಯ ಜೀಪಿನಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಚಕ್ರಗಳನ್ನಲ್ಲ, ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನು. ಹಿಂದಿನ ಒಂದು ಚಕ್ರವನ್ನು ನೆಲದಿಂದ ಎತ್ತಿದಾಗ ಶಾಫ್ಟು ಅಲುಗದಿದ್ದರೂ ಎತ್ತಿದ ಚಕ್ರ ಒಂದು ದಿಕ್ಕಿಗೂ ನೆಲದ ಮೇಲಿನ ಚಕ್ರ ಎದುರು ದಿಕ್ಕಿಗೂ ತಿರುಗಬಲ್ಲವು. ಎಂದರೆ, ಆ ಕ್ಷಣದಲ್ಲಿ ಬ್ರೇಕೂ ಇಲ್ಲ, ಗೇರೂ ಇಲ್ಲ. ಹೊಸ ಮಾದರಿಗಳಲ್ಲಿ ಹ್ಯಾಂಡ್‌ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರಗಳನ್ನೇ ಹಿಡಿಯುತ್ತದೆ; ಎರಡೂ ಹಿಂಚಕ್ರಗಳನ್ನು ಎತ್ತಿದರೆ ಅದೂ ನಿರುಪಯೋಗ.

ಹೀಗಾಗಿ ನೆಲದ ಮೇಲೆ ಉಳಿಯುವ ಚಕ್ರಗಳಿಗೆ ಹಿಂದೆಯೂ ಮುಂದೆಯೂ ಮರದ ಬೆಣೆ ಒತ್ತಿ ಕೊಡಲೇಬೇಕು. ದುಂಡುಗಲ್ಲು ಸಾಲದು. ಹಿಂಭಾಗವನ್ನು ಎತ್ತುವಾಗ ಫೋರ್‌ವೀಲ್ ಗೇರನ್ನೂ ಹಾಕಿದರೆ ಮುಂಚಕ್ರಗಳಿಗೂ ಹಿಡಿತ ಬರುತ್ತದೆ. ಮುಂಚಕ್ರಗಳಿಗೆ ಫ್ರೀವೀಲ್ ಹಬ್ ಇದ್ದರೆ ಅವುಗಳನ್ನೂ ಲಾಕ್ ಮಾಡಬೇಕು. ಟ್ರಾನ್ಸ್‌ಫರ್ ಕೇಸಿನ ಸನ್ನೆ ನ್ಯೂಟ್ರಲಿನಲ್ಲಿ ಇರಬಾರದು.

ಅನುಸರಿಸಬೇಕಾದ ಕ್ರಮ

1. ಗಾಡಿಯಲ್ಲಿನ ಮೂಟೆ, ಸಾಮಾನುಗಳನ್ನು ಇಳಿಸಿ. ಎಂಜಿನ್ ನಿಲ್ಲಿಸಿ, ಕೀಲಿಕೈ ಜೇಬಿಗೆ ಹಾಕಿಕೊಳ್ಳಿ. ಮಕ್ಕಳನ್ನೂ ನಾಯಿಯನ್ನೂ ದೂರವಿಡಿ.

2. ಗೇರ್ ಮತ್ತು ಹ್ಯಾಂಡ್‌ಬ್ರೇಕ್ ಹಾಕಿ, ಬೆಣೆಗಳನ್ನು ಕೊಡಿ.

3. ಚಕ್ರ ಬಿಚ್ಚುವುದಿದ್ದರೆ ಅದು ನೆಲದ ಮೇಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ. ಎತ್ತಿದ ಮೇಲೆ ಪಾನಾ ಜಗ್ಗಿದರೆ ಗಾಡಿಯೇ ಜಗ್ಗುತ್ತದೆ. ಕೆಲವು ಹಳೆಯ ಜೀಪುಗಳ ಎಡಬದಿಯ ಚಕ್ರಗಳಿಗೆ ಉಲ್ಟಾ ಥ್ರೆಡ್ಡಿನ ನಟ್ಟುಗಳಿರುತ್ತವೆ. ಬರಲಿಲ್ಲವೆಂದು ಬಲ ಹಾಕುವ ಮೊದಲು ಇದನ್ನು ಪರೀಕ್ಷಿಸಿ.

4. ಜಾಕನ್ನು ನೆಟ್ಟಗೆ ನಿಲ್ಲಿಸಿ. ಗಟ್ಟಿ ಆಕ್ಸೆಲ್ ಇರುವ ಹಳೆಯ ಜೀಪಿನಲ್ಲಿ ಪಾಟಾ ಸ್ಪ್ರಿಂಗಿನ ಬಳಿ ಆಕ್ಸೆಲಿನ ಕೆಳಗೆ ಕೊಡುವುದು ಸೂಕ್ತ. ಡಿಫರೆನ್ಷಿಯಲಿನ ದುಂಡು ಭಾಗದ ಮೇಲೆ ಬಾಟಲ್ ಜಾಕಿನ ತಲೆ ಜಾರುತ್ತದೆ. ಬಂಪರ್, ಸ್ಟೀರಿಂಗ್ ರಾಡ್, ಎಣ್ಣೆಯ ಚೇಂಬರುಗಳಿಗೆ ಎಂದೂ ಜಾಕ್ ಕೊಡಬಾರದು. ಹೊಸ ಗಾಡಿಗಳಲ್ಲಿ ಕೈಪಿಡಿ ತೋರಿಸಿರುವ ಸ್ಥಳವನ್ನೇ ಬಳಸಿ.

5. ನಿಧಾನವಾಗಿ ಎತ್ತಿ. ಜಾಕ್ ವಾಲತೊಡಗಿದರೆ ಕೂಡಲೇ ಇಳಿಸಿ ಮತ್ತೆ ಸರಿಯಾಗಿ ಇಡಿ. ಟಯರು ನೆಲ ಬಿಟ್ಟು ಎರಡು ಮೂರು ಬೆರಳು ಮೇಲೆದ್ದರೆ ಸಾಕು.

6. ಅದೇ ಆಕ್ಸೆಲಿನ ಕೆಳಗೆ, ಸ್ಪ್ರಿಂಗಿನ ಸಮೀಪ ಸ್ಟ್ಯಾಂಡ್ ಇಟ್ಟು ಪಿನ್ ಅಥವಾ ಹಲ್ಲು ಪೂರ್ತಿ ಕೂತಿದೆಯೇ ನೋಡಿ. ಬಳಿಕ ಜಾಕನ್ನು ಮೆಲ್ಲನೆ ಸಡಿಲಿಸಿ ಭಾರವನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ. ಸ್ಪ್ರಿಂಗನ್ನೇ ಬಿಚ್ಚುವುದಿದ್ದರೆ ಮಾತ್ರ ಸ್ಟ್ಯಾಂಡುಗಳು ಷಾಸಿಯ ಕೆಳಗೆ ಇರಬೇಕು.

7. ಇನ್ನೊಂದು ಬದಿಯನ್ನೂ ಹೀಗೆಯೇ ಎತ್ತಿ, ಎರಡೂ ಸ್ಟ್ಯಾಂಡುಗಳನ್ನು ಒಂದೇ ಎತ್ತರಕ್ಕೆ ಹೊಂದಿಸಿ. ಒಮ್ಮೆಗೆ ಮುಂಭಾಗ ಇಲ್ಲವೇ ಹಿಂಭಾಗವನ್ನು ಮಾತ್ರ ಎತ್ತುವುದು ಕ್ಷೇಮ.

8. ಕೆಳಗೆ ಹೋಗುವ ಮೊದಲು ಹೊರಗೆ ನಿಂತು ಗಾಡಿಯನ್ನು ಎರಡೂ ಕೈಗಳಿಂದ ದೂಡಿ ನೋಡಿ. ಅಲುಗುವ ಗಾಡಿ ಆಗಲೇ ಅಲುಗಲಿ. ಜಾಕನ್ನು ಆಕ್ಸೆಲಿಗೆ ತಾಗುವಷ್ಟು ಎತ್ತಿ ಹಾಗೆಯೇ ಬಿಡಿ. ಬಿಚ್ಚಿದ ಚಕ್ರವನ್ನು ಷಾಸಿಯ ಕೆಳಗೆ ಅಡ್ಡಲಾಗಿ ಮಲಗಿಸಿ. ಎಲ್ಲವೂ ಕೈಕೊಟ್ಟರೂ ಅದು ಒಂದಿಷ್ಟು ಎಡೆ ಉಳಿಸುತ್ತದೆ.

ಗಾಡಿ ಸ್ಟ್ಯಾಂಡಿನ ಮೇಲಿರುವಾಗ ಎಂಜಿನ್ ಚಾಲೂ ಮಾಡಬೇಡಿ. ನೆಲದ ಮೇಲಿರುವ ಚಕ್ರಗಳಿಗೆ ಚಾಲನೆ ದೊರೆತರೆ ಗಾಡಿ ಸ್ಟ್ಯಾಂಡಿನಿಂದ ನೆಗೆಯುತ್ತದೆ. ಒಬ್ಬರೇ ಕೆಲಸಕ್ಕೆ ಇಳಿಯಬೇಡಿ. ಕೂಗಿದರೆ ಕೇಳುವಷ್ಟು ದೂರದಲ್ಲಿ ಒಬ್ಬರಾದರೂ ಇರಲಿ. ಕೆಲಸ ಮುಗಿದ ನಂತರ ಮತ್ತೆ ಜಾಕಿನಿಂದ ಎತ್ತಿ, ಸ್ಟ್ಯಾಂಡ್ ತೆಗೆದು, ನಿಧಾನವಾಗಿ ಇಳಿಸಿ, ನಟ್ಟುಗಳನ್ನು ಎದುರುಬದುರಾಗಿ ಬಿಗಿಯಿರಿ. ಬೆಣೆ ತೆಗೆಯುವುದು ಎಲ್ಲಕ್ಕಿಂತ ಕೊನೆಗೆ.

ಒಂದು ಜೊತೆ ಒಳ್ಳೆಯ ಸ್ಟ್ಯಾಂಡ್, ಎರಡು ಹಲಗೆ, ನಾಲ್ಕು ಬೆಣೆ: ಬೇಕಾದುದು ಇಷ್ಟೇ. ವರ್ಷದಲ್ಲಿ ಕೆಲವೇ ದಿನ ಬಳಕೆಯಾಗುವ ಇವನ್ನು ನೆರೆಹೊರೆಯ ನಾಲ್ಕಾರು ಮನೆಯವರು ಕೂಡಿ ಕೊಂಡರೂ ಸಾಕು. ಈ ಬೇಸಿಗೆಯಲ್ಲಿ ಜೀಪಿನ ಕೆಲಸಕ್ಕೆ ಕೈಹಾಕುವ ಮುನ್ನ ಇವು ಅಂಗಳಕ್ಕೆ ಬಂದಿರಲಿ.