ವೇಗವೂ ಶ್ರುತಿಯೂ: ಟೆಕ್ನೋ ಪುನರ್ಮಿಶ್ರಣದ ಲೆಕ್ಕಾಚಾರ

ಶ್ರುತಿಯು ತಾಯಿ, ಲಯವು ತಂದೆ ಎಂಬುದು ನಮ್ಮ ಸಂಗೀತಗಾರರಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಮಾತು. ಹಾಡುವವನು ಇವೆರಡನ್ನೂ ಬೇರೆಬೇರೆಯಾಗಿ ಪಾಲಿಸಬಲ್ಲನು. ವಿಳಂಬಕಾಲದಲ್ಲಿ ಹಾಡಿದುದನ್ನು ದ್ರುತಕಾಲದಲ್ಲಿ ಹಾಡಿದರೂ ಅವನ ಶ್ರುತಿ ಕದಲಬೇಕಾಗಿಲ್ಲ. ಧ್ವನಿಮುದ್ರಿಕೆಯ ಸಂಗತಿ ಹಾಗಲ್ಲ. ತಟ್ಟೆಯನ್ನು ವೇಗವಾಗಿ ತಿರುಗಿಸಿದರೆ ತಾಳವು ಚುರುಕಾಗುವುದರೊಂದಿಗೆ ಶ್ರುತಿಯೂ ಏರುತ್ತದೆ. ಹಾಡೊಂದನ್ನು ವೇಗದ ಟೆಕ್ನೋ ರೂಪಕ್ಕೆ ತರುವವರ ಮುಖ್ಯ ತೊಡಕು ಹುಟ್ಟುವುದು ಇಲ್ಲಿಯೇ. ಅದರ ಸ್ವರೂಪವನ್ನು ಈ ಲೇಖನದಲ್ಲಿ ಪರಿಶೀಲಿಸುತ್ತೇವೆ.

ಟೆಕ್ನೋ ಎಂಬುದು 1980ರ ದಶಕದಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ರೂಪುಗೊಂಡ ನೃತ್ಯಸಂಗೀತ. ಹುವಾನ್ ಅಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಎಂಬ ಮೂವರು ಅದರ ಪ್ರವರ್ತಕರೆಂದು ಪ್ರಸಿದ್ಧರಾಗಿದ್ದಾರೆ. ವಿದ್ಯುನ್ಮಾನ ವಾದ್ಯಗಳೂ ಡ್ರಮ್ ಯಂತ್ರಗಳೂ ಅದರ ಸಾಧನಗಳು. ಕುಣಿಯುವವರ ಹೆಜ್ಜೆ ನಿಲ್ಲದಂತೆ ಒಂದು ಮುದ್ರಿಕೆ ಮುಗಿಯುವ ಮೊದಲೇ ಇನ್ನೊಂದನ್ನು ಅದರೊಡನೆ ಬೆರೆಸಬೇಕಾಗುತ್ತದೆ. ಇದಕ್ಕೆ ಎರಡರ ವೇಗವೂ ಸಮನಾಗಿರಬೇಕು. ಪೆಟ್ಟುಗಳೂ ಒಂದರ ಮೇಲೊಂದು ಬೀಳಬೇಕು. ಒಂದರ ವೇಗ ನಿಮಿಷಕ್ಕೆ 128 ಪೆಟ್ಟು, ಇನ್ನೊಂದರದು 128.5 ಪೆಟ್ಟು ಎಂದಿಟ್ಟುಕೊಂಡರೆ, ಒಟ್ಟಿಗೆ ಹೊರಟ ಎರಡೂ ಒಂದೇ ನಿಮಿಷದಲ್ಲಿ ಅರ್ಧ ಪೆಟ್ಟಿನಷ್ಟು ದೂರವಾಗಿರುತ್ತವೆ.

ವೇಗವನ್ನು ಸರಿಪಡಿಸಲು 1979ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಎಂಬ ಯಂತ್ರದಲ್ಲಿ ಒಂದು ಜಾರುಗುಂಡಿಯಿದ್ದಿತು. ಅದು ತಟ್ಟೆಯ ವೇಗವನ್ನು ಶೇಕಡಾ 8ರವರೆಗೆ ಏರಿಸಬಲ್ಲದು ಅಥವಾ ಇಳಿಸಬಲ್ಲದು. ಇನ್ನು ಶ್ರುತಿಯ ಕಡೆಗೆ ಬರೋಣ. ಪಾಶ್ಚಾತ್ಯರ ಸಮಸ್ವರ ಪದ್ಧತಿಯಲ್ಲಿ ಒಂದು ಸ್ಥಾಯಿಯು ಹನ್ನೆರಡು ಸಮಾನ ಅರ್ಧಸ್ವರಗಳಾಗಿ ವಿಭಾಗವಾಗಿದೆ. ಒಂದು ಅರ್ಧಸ್ವರ ಮೇಲೇರಿದರೆ ಕಂಪನಸಂಖ್ಯೆಯು ಸುಮಾರು 1.0595ರಷ್ಟು ಪಟ್ಟಾಗುತ್ತದೆ. ಎಂದರೆ ವೇಗವನ್ನು ಸುಮಾರು ಶೇಕಡಾ 6ರಷ್ಟು ಹೆಚ್ಚಿಸಿದಾಗ ಹಾಡು ಪಕ್ಕದ ಅರ್ಧಸ್ವರಕ್ಕೆ ಸರಿಯುತ್ತದೆ. ಶೇಕಡಾ 3ರಷ್ಟು ಹೆಚ್ಚಿಸಿದರೆ ಎರಡು ಅರ್ಧಸ್ವರಗಳ ನಡುವೆ, ಯಾವುದಕ್ಕೂ ಹೊಂದದ ಸ್ಥಾನದಲ್ಲಿ ನಿಲ್ಲುತ್ತದೆ. ಅಲ್ಪವಾದ ಬದಲಾವಣೆಯು ಅಲ್ಪವಾದ ಕೇಡನ್ನೇ ಮಾಡುವುದೆಂಬ ಸಾಮಾನ್ಯ ಊಹೆ ಇಲ್ಲಿ ಸಲ್ಲದು.

ಯಾವ ಶ್ರುತಿಗೆ ಯಾವುದು ಹೊಂದುತ್ತದೆಂಬುದು ಮುಂದಿನ ಪ್ರಶ್ನೆ. ಎ ಮೈನರ್ ಶ್ರೇಣಿಯ ಏಳು ಸ್ವರಗಳೂ ಸಿ ಮೇಜರ್ ಶ್ರೇಣಿಯಲ್ಲಿವೆ. ಎ ಸ್ವರವನ್ನು ಷಡ್ಜವೆಂದೆಣಿಸಿದರೆ ಅದರ ಪಂಚಮದಿಂದ ಹೊರಡುವ ಇ ಮೈನರ್, ಶುದ್ಧಮಧ್ಯಮದಿಂದ ಹೊರಡುವ ಡಿ ಮೈನರ್ ಶ್ರೇಣಿಗಳಲ್ಲಿ ಆರಾರು ಸ್ವರಗಳು ಸಮಾನವಾಗಿವೆ. ಇಂತಹ ಬಂಧುಶ್ರೇಣಿಗಳನ್ನು ಬೆರೆಸಿದರೆ ಕಿವಿಗೆ ಘರ್ಷಣೆ ಕಡಮೆ. ಆದರೆ ಈ ಬಂಧುತ್ವವನ್ನು ನೋಡಬೇಕಾದುದು ಮೂಲಶ್ರುತಿಯಲ್ಲಿ ಅಲ್ಲ. ವೇಗ ಬದಲಾದ ಮೇಲೆ ದೊರೆಯುವ ಶ್ರುತಿಯಲ್ಲಿ. ಹೊಸಬರು ಎಡವುವುದು ಬಹುಮಟ್ಟಿಗೆ ಇಲ್ಲಿಯೇ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ನಿಮಿಷಕ್ಕೆ 124 ಪೆಟ್ಟಿನ, ಎ ಮೈನರ್ ಶ್ರೇಣಿಯ ಹಾಡಿನಿಂದ ಗಾಯಕಿಯ ಕಂಠವನ್ನು ಮಾತ್ರ ಆಯ್ದು, ಅದಕ್ಕೆ 140 ಪೆಟ್ಟಿನ ಹೊಸ ಹಿನ್ನೆಲೆಯನ್ನು ಕಟ್ಟಬೇಕಾಗಿದೆ. ಶೇಕಡಾ 8ರ ಮಿತಿಯಲ್ಲಿ 134 ಪೆಟ್ಟನ್ನು ಸಹ ಮುಟ್ಟಲಾಗದು. ಆದುದರಿಂದ ಈ ಕಾರ್ಯವು ಗಣಕಯಂತ್ರದಲ್ಲಿಯೇ ನಡೆಯಬೇಕು. 140ಕ್ಕೆ ಏರಿಸಿದಾಗ ಶ್ರುತಿಯು 2.1 ಅರ್ಧಸ್ವರಗಳಷ್ಟು ಏರಿ, ಬಿ ಮೈನರಿಗಿಂತ ಸ್ವಲ್ಪ ಮೇಲೆ ನಿಲ್ಲುತ್ತದೆ. ಉಳಿದ ಆ ಹತ್ತನೆಯ ಒಂದು ಪಾಲು ಕ್ಷುಲ್ಲಕವೆಂದು ತೋರಬಹುದು. ಆದರೆ 440 ಕಂಪನಗಳ ಸ್ವರವೊಂದನ್ನು ಎರಡು ಧ್ವನಿಗಳೂ ಎಳೆದು ಹಿಡಿದಾಗ ಅದು ಸೆಕೆಂಡಿಗೆ ಸುಮಾರು ಎರಡೂವರೆ ಸಲದ ಅಲುಗಾಟವಾಗಿ ಕೇಳಿಬರುತ್ತದೆ. ಹೊಸ ಹಿನ್ನೆಲೆಯ ವೇಗವು ನಮ್ಮ ಕೈಯಲ್ಲಿಯೇ ಇರುವುದರಿಂದ ಅದನ್ನು 139.2ಕ್ಕೆ ಇಳಿಸಿದರೆ ಕಂಠವು ಬಿ ಮೈನರಿಗೆ ಸರಿಯಾಗಿ ಬಂದು ಕೂಡುತ್ತದೆ. ಕುಣಿಯುವವರ ಕಾಲಿಗೆ ಈ ವ್ಯತ್ಯಾಸ ತಿಳಿಯುವಂತಹುದಲ್ಲ.

ವೇಗವನ್ನೂ ಶ್ರುತಿಯನ್ನೂ ಬೇರ್ಪಡಿಸುವ ಮಾರ್ಗವೂ ಇದೆ. 1966ರಲ್ಲಿ ಬೆಲ್ ಪ್ರಯೋಗಾಲಯದ ಫ್ಲಾನಗನ್ ಮತ್ತು ಗೋಲ್ಡನ್ ಎಂಬ ವಿಜ್ಞಾನಿಗಳು ಫೇಸ್ ವೋಕೋಡರ್ ಎಂಬ ವಿಧಾನವನ್ನು ಪ್ರಕಟಿಸಿದರು. ಧ್ವನಿಯನ್ನು ಅದರ ಘಟಕಗಳಾಗಿ ಬಿಡಿಸಿ ಬೇರೆ ಕಾಲಮಾನದಲ್ಲಿ ಮತ್ತೆ ಜೋಡಿಸುವುದು ಅದರ ತತ್ತ್ವ. ಈ ಸೌಕರ್ಯಕ್ಕೂ ಬೆಲೆಯುಂಟು. ಹೀಗೆ ಜೋಡಿಸಿದಾಗ ಡ್ರಮ್ಮಿನ ಪೆಟ್ಟಿನ ಹರಿತವಾದ ಆರಂಭವು ಮಸುಕಾಗುವುದುಂಟು. ಹಾಗೆಂದು ತಟ್ಟೆಯಂತೆ ಬರಿದೇ ವೇಗವನ್ನು ಏರಿಸಿದರೆ, ಕಂಠನಾಳದ ಅನುರಣನಗಳೂ ಶ್ರುತಿಯೊಡನೆ ಮೇಲೇರಿ, ಪ್ರೌಢಕಂಠವು ಬಾಲಕಂಠದಂತೆ ತೆಳುವಾಗುತ್ತದೆ.

ಆದಕಾರಣ ಎಲ್ಲಕ್ಕೂ ಒಂದೇ ಉಪಾಯ ಸಲ್ಲದು. ಡ್ರಮ್ಮುಗಳನ್ನು ಹೊಸದಾಗಿ ರಚಿಸಿಕೊಂಡು, ಕಂಠವನ್ನು ಮಾತ್ರ ಶ್ರುತಿ ಕೆಡದಂತೆ ಕಾಲದಲ್ಲಿ ಕುಗ್ಗಿಸುವುದು ಲೇಸೆಂದು ನಮಗೆ ತೋರುತ್ತದೆ. ಆಗ ಹಿನ್ನೆಲೆಯು ಎ ಮೈನರಿನಲ್ಲಿಯೇ ಇರಬಹುದು. ವೇಗವೂ 140 ಆಗಿಯೇ ಉಳಿಯಬಹುದು. ಕಂಠವು ತೆಳುವಾಗುವುದನ್ನೇ ಬಯಸುವವರಿಗೆ 139.2ರ ದಾರಿ ತೆರೆದಿದೆ. ಲೆಕ್ಕವು ಎರಡು ದಾರಿಗಳನ್ನೂ ತೋರಿಸುತ್ತದೆ. ಹಾಡಿನಲ್ಲಿ ಉಳಿಯಬೇಕಾದುದು ಯಾವುದೆಂಬುದನ್ನು ಕಿವಿಯೇ ನಿರ್ಣಯಿಸಬೇಕು.