ಕಿರುಭಾಷೆಯೊಂದರ ಕವಿ: ನಡಿಕೇರಿಯಂಡ ಚಿಣ್ಣಪ್ಪ

ದೆಹಲಿಯ ಆರ್.ಕೆ.ಪುರಂನಲ್ಲಿ ಕನ್ನಡವು ಅಲ್ಪಸಂಖ್ಯಾತರ ಭಾಷೆ. ಇಲ್ಲಿನ ದೆಹಲಿ ಕರ್ನಾಟಕ ಸಂಘದ ಕಟ್ಟಡದಿಂದ ಹೊರಬಂದೊಡನೆ ಹಿಂದಿಗೆ ಹೊರಳುವ ನಾವು, ಮನೆಮಾತು ಮಕ್ಕಳ ನಾಲಿಗೆಯಲ್ಲಿ ಉಳಿದೀತೇ ಎಂದು ಚಿಂತಿಸುತ್ತೇವೆ. ಆದರೆ ಕರ್ನಾಟಕದೊಳಗೆ ಕನ್ನಡವೇ ದೊಡ್ಡ ಭಾಷೆಯಾಗಿದ್ದು, ಅದರ ನೆರಳಿನಲ್ಲಿ ಬದುಕಬೇಕಾದ ಭಾಷೆಗಳೂ ಇವೆ. ಕೊಡವ ತಕ್ಕ್ ಅವುಗಳಲ್ಲೊಂದು. ಆ ಭಾಷೆಯ ಕವಿ, ಸಂಗ್ರಾಹಕ ನಡಿಕೇರಿಯಂಡ ಚಿಣ್ಣಪ್ಪನವರ ಸಾಧನೆಯನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸುತ್ತೇವೆ.

ಚಿಣ್ಣಪ್ಪನವರು 1875ರಲ್ಲಿ ಜನಿಸಿದರು. ನಡಿಕೇರಿಯಂಡ ಎಂಬುದು ಅವರ ಒಕ್ಕದ ಹೆಸರು. ಅಂದು ಕೊಡಗು ಬ್ರಿಟಿಷರ ಆಡಳಿತದಲ್ಲಿದ್ದ ಪ್ರತ್ಯೇಕ ಪ್ರಾಂತ್ಯ; ಶಾಲೆ, ಕಚೇರಿಗಳಲ್ಲಿ ಕನ್ನಡ ಮತ್ತು ಇಂಗ್ಲಿಷ್ ನಡೆಯುತ್ತಿದ್ದವು. ಕೊಡವ ತಕ್ಕ್ ಮನೆ, ಗದ್ದೆ, ಹಬ್ಬಗಳಿಗೆ ಮೀಸಲಾಗಿತ್ತು. ಸೈನಿಕರಾಗಿ, ಶಿಕ್ಷಕರಾಗಿ, ಪೊಲೀಸ್ ಅಧಿಕಾರಿಯಾಗಿ ದುಡಿದ ಚಿಣ್ಣಪ್ಪನವರು ತಲೆಮಾರುಗಳಿಂದ ಬಾಯಿಂದ ಬಾಯಿಗೆ ಸಾಗಿಬಂದ ಹಾಡುಗಳನ್ನು ಬರೆದುಕೊಂಡರು. ದುಡಿ ಬಾರಿಸುತ್ತ ಗಾಯಕರು ಮದುವೆಯಲ್ಲಿ, ಸಾವಿನಲ್ಲಿ, ಪುತ್ತರಿಯಲ್ಲಿ ಹಾಡುವ ಈ ಪಾಟ್‌ಗಳು ಹಾಡುಗಾರನೊಡನೆಯೇ ಕಣ್ಮರೆಯಾಗುವಂಥವು. 1924ರಲ್ಲಿ ಅವರು ಪ್ರಕಟಿಸಿದ 'ಪಟ್ಟೋಲೆ ಪಳಮೆ'ಯ ಸುಮಾರು ಮೂರರಲ್ಲಿ ಎರಡು ಪಾಲು ಇಂತಹ ಹಾಡುಗಳೇ ಆಗಿವೆ. ಭಗವದ್ಗೀತೆಯನ್ನೂ ಅವರು ಕೊಡವ ಭಾಷೆಗೆ ತಂದರು. 1931ರಲ್ಲಿ ನಿಧನರಾದರು.

ಹೋಲಿಕೆಗಾಗಿ ಯುರೋಪಿನ ಒಂದು ನಿದರ್ಶನವನ್ನು ಗಮನಿಸಬಹುದು. ಇಂಗ್ಲೆಂಡ್ ಮತ್ತು ಫ್ರಾನ್ಸ್‌ಗಳ ನಡುವಣ ಕಡಲಿನಲ್ಲಿರುವ ಗರ್ನ್ಸಿ ದ್ವೀಪದ ಜನರ ಮಾತು ನಾರ್ಮನ್ ಭಾಷೆಯ ಒಂದು ಪ್ರಾದೇಶಿಕ ರೂಪ. ಅದನ್ನು ಕೆಟ್ಟ ಫ್ರೆಂಚ್ ಎಂದು ಬಹುಕಾಲ ಹೀಗಳೆಯಲಾಗಿತ್ತು. ಅಲ್ಲಿನ ಜಾರ್ಜ್ ಮೆತಿವಿಯೆ (1790–1881) ವೈದ್ಯಕೀಯ ವ್ಯಾಸಂಗವನ್ನು ಬಿಟ್ಟು ಭಾಷೆಯತ್ತ ತಿರುಗಿದರು. 1831ರಲ್ಲಿ ಆ ನುಡಿಯಲ್ಲಿ ಕವನ ಸಂಕಲನವನ್ನೂ 1870ರಲ್ಲಿ ನಿಘಂಟನ್ನೂ ಹೊರತಂದರು. ಅವರು ಅನುವಾದಿಸಿದ ಮತ್ತಾಯನ ಸುವಾರ್ತೆ 1863ರಲ್ಲಿ ಅಚ್ಚಾಯಿತು. ಇಬ್ಬರೂ ಒಂದೇ ಹಾದಿ ತುಳಿದಿರುವುದು ಆಕಸ್ಮಿಕವಲ್ಲ. ಅಡುಗೆಮನೆಯ ಮಾತು ಎಂದು ಕಡೆಗಣಿಸಲಾದ ಭಾಷೆಯಲ್ಲಿ ಧರ್ಮಗ್ರಂಥವನ್ನು ಓದಲು ಸಾಧ್ಯವಾದರೆ, ಅದಕ್ಕೆ ಎಟುಕದ ವಿಷಯವಿಲ್ಲವೆಂದು ಸಿದ್ಧವಾಗುತ್ತದೆ.

ಕೊಡವ ತಕ್ಕನ್ನೂ ಕನ್ನಡದ ಉಪಭಾಷೆಯೆಂದು ಕೆಲವರು ಭಾವಿಸಿದ್ದುಂಟು. ಎಂ.ಬಿ. ಎಮೆನೊ ಮೊದಲಾದ ಭಾಷಾವಿಜ್ಞಾನಿಗಳ ಅಧ್ಯಯನದಿಂದ ಅದು ಸ್ವತಂತ್ರ ದಕ್ಷಿಣ ದ್ರಾವಿಡ ಭಾಷೆಯೆಂದು ಸ್ಪಷ್ಟವಾಗಿದೆ. ಕನ್ನಡದಲ್ಲಿಲ್ಲದ ಕೆಲವು ಸ್ವರಗಳು ಅದರಲ್ಲಿವೆ. ಅವುಗಳಿಗೆ ನಮ್ಮ ವರ್ಣಮಾಲೆಯಲ್ಲಿ ಚಿಹ್ನೆಗಳಿಲ್ಲ. ಆದರೂ ಚಿಣ್ಣಪ್ಪನವರು ಕೊಡವರಿಗೆ ಪರಿಚಿತವಾಗಿದ್ದ ಕನ್ನಡ ಲಿಪಿಯನ್ನೇ ಬಳಸಿದರು. ಲಿಪಿ ನಮ್ಮದಾದ ಮಾತ್ರಕ್ಕೆ ಭಾಷೆಯೂ ನಮ್ಮದರ ಕವಲೆಂದು ತಿಳಿಯುವುದು ತಪ್ಪು.

ಚಿಣ್ಣಪ್ಪನವರ ಶ್ರಮ ವ್ಯರ್ಥವಾಗಲಿಲ್ಲ. ಎಂ.ಎನ್. ಶ್ರೀನಿವಾಸ್ ಅವರು ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತ 1952ರ ಪ್ರಸಿದ್ಧ ಗ್ರಂಥದಲ್ಲಿ 'ಪಟ್ಟೋಲೆ ಪಳಮೆ'ಯನ್ನು ಬಳಸಿಕೊಂಡಿದ್ದಾರೆ. 1994ರಲ್ಲಿ ಕೊಡವ ಸಾಹಿತ್ಯ ಅಕಾಡೆಮಿ ಸ್ಥಾಪನೆಯಾಯಿತು. 2003ರಲ್ಲಿ ಕವಿಯ ಮೊಮ್ಮಕ್ಕಳಾದ ಬೋವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿಗಳ ಇಂಗ್ಲಿಷ್ ಅನುವಾದ ಪ್ರಕಟವಾಯಿತು. ಆದರೆ ಗ್ರಂಥ ಉಳಿದರೆ ಭಾಷೆಯೂ ಉಳಿದಂತಾಗದು. ಕೊಡವ ತಕ್ಕನ್ನು ಮಾತೃಭಾಷೆಯೆಂದು ಹೇಳಿಕೊಂಡವರ ಸಂಖ್ಯೆ 2001ರ ಜನಗಣತಿಯಲ್ಲಿ 1,66,187 ಇದ್ದುದು 2011ರಲ್ಲಿ 1,13,857ಕ್ಕೆ ಇಳಿದಿದೆ. ಮೆತಿವಿಯೆಯ ದ್ವೀಪದಲ್ಲಿ 2001ರ ಗಣತಿಯ ವೇಳೆಗೆ ಆ ನುಡಿಯನ್ನು ನಿರರ್ಗಳವಾಗಿ ಆಡಬಲ್ಲವರು ಕೇವಲ 1,327 ಮಂದಿ. ಅವರಲ್ಲಿ ಹೆಚ್ಚಿನವರು ವೃದ್ಧರು.

ಕವಿ ಭಾಷೆಗೆ ಗೌರವವನ್ನು ತಂದುಕೊಡಬಲ್ಲ. ಮಕ್ಕಳೊಡನೆ ಅದನ್ನು ಆಡಬೇಕಾದವರು ಮನೆಯವರು. ದೆಹಲಿಯಲ್ಲಿ ಕನ್ನಡಕ್ಕಾಗಿ ನಾವು ಬೇಡುವ ಸ್ಥಾನವನ್ನು ಕರ್ನಾಟಕದಲ್ಲಿ ಕೊಡವ ತಕ್ಕಿಗೆ ನೀಡಲು ಹಿಂಜರಿದರೆ, ನಮ್ಮ ಬೇಡಿಕೆಗೆ ನೈತಿಕ ಬಲ ಉಳಿಯುವುದಿಲ್ಲ. ಕನ್ನಡದ ಅಧ್ಯಯನವು ನೆರೆಯ ಕಿರುಭಾಷೆಗಳನ್ನು ಸಮಾನ ಗೌರವದಿಂದ ಒಳಗೊಂಡಾಗಲೇ ಪೂರ್ಣವಾಗುವುದೆಂದು ನಾವು ನಂಬುತ್ತೇವೆ.